ಮೂವತ್ತು ಸೆಕೆಂಡು, ಶಬ್ದವಿಲ್ಲದೆ

ಡಬ್ಬಿಯ ಮೇಲೆ ಬರೆದಿತ್ತು: ಉಪ್ಪುನೀರಿಗೂ ಕೆಡದು.
ಕಡಲ ಕಾವಲಿನವರಿಗೆ ಹಂಚಿ ಮಿಕ್ಕಿದ ಮೂರು
ಘಟ್ಟ ಹತ್ತಿ ಬಂದು
ಹಿರಿಯೂರಿನಲ್ಲಿ ಇಳಿದವು.
ಇಲ್ಲಿ ಉಪ್ಪು ಸಿಗುವುದು ಶೆಟ್ಟರಂಗಡಿಯಲ್ಲಿ.
ನೀರೆಂದರೆ ವೇದಾವತಿ,
ಎರಡು ಗುಡ್ಡದ ನಡುವೆ ಕಟ್ಟಿಹಾಕಿದ್ದು.

ಕಲಿಸಲು ಬಂದ ಹುಡುಗ ಹೇಳಿದ:
ಗುಂಡಿ ಒತ್ತಿದ ಮೇಲಿನದಷ್ಟೇ ಅಲ್ಲ ಮೇಡಂ,
ಅದಕ್ಕೂ ಮೂವತ್ತು ಸೆಕೆಂಡು ಹಿಂದಿನದು
ಇದರ ಹೊಟ್ಟೆಯಲ್ಲಿ ಇದ್ದೇ ಇರುತ್ತೆ.
ಚಿತ್ರ ಮಾತ್ರ. ಮಾತು ಇರಲ್ಲ.
ಯಾಕಪ್ಪಾ ಕಿವುಡು, ಅಂದರು ಹೆಡ್ ಓಬಣ್ಣನವರು.
ಅದು ಹಾಗೇ ಸಾರ್, ಅಂದ.
ಅಷ್ಟರಲ್ಲಿ ಚಹಾ ಬಂತು.

ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತರೆ
ಜಾಕೆಟ್ಟು ಗಂಟಲಿಗೆ ಏರುತ್ತದೆ,
ಕ್ಯಾಮೆರಾ ಮುಗಿಲು ನೋಡುತ್ತದೆ.
ಮೊದಲ ವಾರದ ದಾಖಲೆಯಲ್ಲಿ ಬರೀ ಮೋಡ,
ಒಂದು ಬೆಳ್ಳಕ್ಕಿ,
ದೋಣಿ ನಡೆಸುವ ಖಲೀಲನ ಗದ್ದ.
ಆಮೇಲೆ ಹಿಂದಕ್ಕೆ ಬೆಂಡಿನ ತುಂಡು ಸಿಕ್ಕಿಸಿದೆವು.
ಈಗ ತಲೆ ತಗ್ಗಿಸಿ
ಮಂಡಿಗಳನ್ನೂ ಕೈಗಳನ್ನೂ ನೋಡುತ್ತದೆ.
ಯಾರ ಮುಖವನ್ನೂ ಪೂರ್ತಿ ನೋಡುವುದಿಲ್ಲ.

ಮೀನು ಮೊಟ್ಟೆಯಿಡುವ ತಿಂಗಳು, ಬಲೆ ನಿಷೇಧ.
ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಇನ್ನೂ ಮಂಜಿನೊಳಗೆ.
ಖಲೀಲ ಇಂಜಿನ್ ಆರಿಸಿ
ಗಳ ಹಾಕಿಕೊಂಡು ಸದ್ದಿಲ್ಲದೆ ತಂದ.
ಅರ್ಧ ಮುಳುಗಿದ ಜಾಲಿಗೆ ಆತುಕೊಂಡು
ಒಂದು ಹರಿಗೋಲು.
ಒಳಗೆ ಗಂಗಮಾಳಮ್ಮ,
ನನ್ನ ಬಾಣಂತನಕ್ಕೆ ಕೊರವ ಮೀನು ತಂದು
ದುಡ್ಡಿಗೆ ಕೈಯೊಡ್ಡದೆ ಹೋದವಳು.

ಬಲೆ ಬಿಡಿಸುತ್ತಿದ್ದಳು. ನನ್ನನ್ನು ನೋಡಿದಳು.
ಓಡಲಿಲ್ಲ; ಹರಿಗೋಲಿನಲ್ಲಿ ಓಡುವುದೆಲ್ಲಿಗೆ?
ಕೈಯಲ್ಲಿ ಗೆಂಡೆ, ಹೊಟ್ಟೆ ಬಿರಿಯುವಂತಿತ್ತು.
ಬಸುರಿ ಕಣವ್ವಾ ಇದು, ಅಂದಳು.
ಒಂದು ಗಳಿಗೆ ತಾಳು, ಇದನ್ನ ಬಿಟ್ಟುಬರ್ತೀನಿ,
ಮನೆಯೊಳಗಿಂದ ಚೀಲ ತರುವವಳ ಹಾಗೆ.
ಬಿಟ್ಟಳು.
ಆಮೇಲೆ ನಾನು ಗುಂಡಿ ಒತ್ತಿದೆ.

ಕೆಂಪು ದೀಪ ಹತ್ತಿದ್ದೇ
ನನ್ನ ಬಾಯಲ್ಲಿ ಇನ್ಯಾರದೋ ದನಿ:
ನಿಮ್ಮ ಹೆಸರೇನು?
ಅವಳು ನನ್ನ ಮುಖವನ್ನು ಕೊಂಚ ಹೊತ್ತು ನೋಡಿ
ಎದೆಯ ಮೇಲಿನ ಗಾಜಿಗೆ ಉತ್ತರ ಕೊಟ್ಟಳು:
ಗಂಗಮಾಳಮ್ಮ.
ಗಂಡನ ಹೆಸರೂ ಬೇಕಾ ಮೇಡಂ?

ಸ್ಟೇಷನ್ನಿನಲ್ಲಿ ಎಸ್ಸೈ ಮೂರು ಸಲ ಹಾಕಿ ನೋಡಿದರು.
ಮಾತಿಲ್ಲದ ಮೂವತ್ತು ಸೆಕೆಂಡು:
ಹರಿಗೋಲಿನ ತಳ, ಒದ್ದೆ ಸೀರೆಯಂಚು,
ಗದ್ದದಲ್ಲಿ ಅಲುಗುವ ಏನೋ ಮಾತು,
ಎರಡು ಕೈ ಚೌಕಟ್ಟಿನಾಚೆ ಹೋಗಿ
ಖಾಲಿಯಾಗಿ ಬಂದದ್ದು.
ಹಿಂದಕ್ಕೆ ಓಡಿಸಿದರು:
ಖಾಲಿ ಕೈ ನೀರಿಗೆ ಹೋಗಿ
ಬಸುರಿ ಮೀನನ್ನು ಎತ್ತಿಕೊಂಡು ಬಂತು.
ಮತ್ತೆ ಮುಂದಕ್ಕೆ.

ನೀರಿಗೆ ಏನೋ ಎಸೀತಾಳಲ್ರೀ,
ಸಾಕ್ಷ್ಯ ನಾಶ ಅಂತ ಸೇರಿಸೋದಾ?
ಏನೋ ಹೇಳ್ತಿದಾಳೆ. ಏನದು?

ಇಂಜಿನ್ ಸದ್ದು ಸಾರ್, ಅಂದೆ,
ನನಗೇನೂ ಕೇಳಿಸಲಿಲ್ಲ.

ಯಂತ್ರ ಸುಮ್ಮನಿತ್ತು.
ಅದಕ್ಕೆ ಅಲ್ಲಗಳೆಯಲು ಕಿವಿಯಿರಲಿಲ್ಲ.

ಮಹಜರು ಬರೆದೆ:
ಬಲೆ ಒಂದು, ಎರಡು ಬೆರಳು ತೂರದಷ್ಟು ಸಣ್ಣ ಕಣ್ಣಿನದು.
ಹರಿಗೋಲು ಒಂದು. ಮೀನು ಹನ್ನೊಂದು ಕೇಜಿ.
ದಂಡ ಎಷ್ಟಾಗುತ್ತೆ ಎಂದು ಕೇಳಿದಳು,
ಯಾರ ಕಡೆಗೂ ನೋಡದೆ.
ಹೇಳಿದೆ.
ಬೆರಳಿಗೆ ಹತ್ತಿದ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು.
ಅವ್ವಾ ಅನ್ನಲಿಲ್ಲ ಹೋಗುವಾಗ.

ಸಂಜೆ ದೋಣಿಯ ಲಾಗ್ ಬುಕ್ಕು ಸಹಿಗೆ ಬಂತು.
ಬೆಳಗಿನ ಆ ಹೊತ್ತಿನ ಸಾಲಿನಲ್ಲಿ
ಖಲೀಲ ಅರ್ಧ ಲೀಟರ್ ಡೀಸೆಲ್
ಜಾಸ್ತಿ ಬರೆದಿದ್ದ.
ತಲೆಯೆತ್ತಿ ನೋಡಿದೆ. ಬಾಗಿಲ ಬಳಿ ನಿಂತು
ಕ್ಯಾಮೆರಾದ ಸಂದಿಯ ಪಾಚಿಯನ್ನು
ಬೆಂಕಿಕಡ್ಡಿಯಿಂದ ತೆಗೆಯುತ್ತಿದ್ದ.