ಇಲಿ

ಕೌಲ್ ಬಜಾರಿನ ಆಚೆ, ಕಂಟೋನ್ಮೆಂಟಿನ ತಗಡಿನ ಶೆಡ್ಡಿನಲ್ಲಿ
ನನಗೊಂದು ಕುರ್ಚಿ ಇತ್ತು, ಒಂದು ಬ್ಲೇಡು,
ತಿಂಗಳಿಗೆ ಮೂವತ್ತೆರಡು ರೂಪಾಯಿ.
ಕನ್ನಡ, ತೆಲುಗು ಎರಡೂ ಓದಬಲ್ಲೆ, ಅಷ್ಟೇ ನನ್ನ ಯೋಗ್ಯತೆ.
ದಂಡಿನಿಂದ ಬರುವ ಕಾಗದಗಳನ್ನು
ಎರಡನೇ ಸಲ ಸೋಸುವುದು ನಮ್ಮ ಕೆಲಸ.
ಏನೇನು ಉಳಿಯಬಾರದೆಂದು ಗೋಡೆಯ ಮೇಲೆ ಪಟ್ಟಿ:
ಊರು, ನದಿ, ಹಡಗು, ಅಂಕಿ,
ಹವೆ.

ಹವೆ ಯಾಕೆ ಎಂದು ಕೇಳಿದ್ದೆ ಮೊದಲ ದಿನ.
ಮೋಡ ನೋಡಿಕೊಂಡು ವಿಮಾನ ಬರುತ್ತದಯ್ಯಾ, ಅಂದರು ಸಾಹೇಬರು.
ಬಳ್ಳಾರಿಯಲ್ಲಿ ಹುಟ್ಟಿದವನಿಗೆ
ಮೋಡವೂ ಒಂದು ಗುಟ್ಟೆಂದು ಅವತ್ತು ತಿಳಿಯಿತು.

ತಂತಿಬೇಲಿಯಾಚೆ ಇಟಲಿಯ ಕೈದಿಗಳು.
ಬಿಸಿಲಿಗೆ ಸುಲಿದ ಕತ್ತು. ಸಿಗರೇಟು ಪೊಟ್ಟಣದ ಬೆನ್ನ ಮೇಲೆ
ಏನೇನೋ ಗೀಚುವರು; ಅವನ್ನು ಓದುವ ಗುಮಾಸ್ತ ಬೇರೆ, ಗೋವಾದವನು.
ಏನ್ರೀ ಅದು ಅಂದರೆ
"ಕವಿತೆ. ಮತ್ತೆ ಅವ್ವ, ಮತ್ತೆ ರೊಟ್ಟಿ"
ಎಂದು ಆಕಳಿಸುತ್ತಿದ್ದ.

ನನ್ನ ಪಾಲಿಗೆ ಬಂದವನು ಕುರುಗೋಡಿನ ಯರ್ರಿಸ್ವಾಮಿ.
ಪೆನ್ಸಿಲಿಗೆ ಎಂಜಲು ಹಚ್ಚಿ ಒತ್ತಿ ಬರೆದ ಅಕ್ಷರ.
ಉಳಿದವರು ಕ್ಷೇಮ ಎಂದು ಸುರುಮಾಡಿದರೆ
ಇವನು ಪದ್ಯದಲ್ಲೇ ಸುರು.
ಒಳ್ಳೆಯ ಪದ್ಯವೇನಲ್ಲ. ಪ್ರಾಸಕ್ಕೆ ತಿಣುಕುವನು.
ಒಮ್ಮೆ ಬಂದೂಕಕ್ಕೆ ಏನೂ ಸಿಗದೆ ಸಂದೂಕ ತಂದಿದ್ದ,
ಕಂದಕದಲ್ಲಿ ಎಲ್ಲಿಯ ಸಂದೂಕ!
ಆದರೂ ಕೈ ತಡೆಯುತ್ತಿತ್ತು.
ನನ್ನ ಮೇಜು ದಾಟಿ ಹೋದದ್ದು ಹೀಗೆ:

    ಇಲ್ಲಿ — — ಹಿಡಿದ್ರ ಬಿಡದು ಹಂಪಮ್ಮ
    — — — ದಂಡಿಯ ಕೆಸರಿನಾಗ
    ನಾವು — — ಮಂದಿ ಒಂದ ಕಂಬಳ್ಯಾಗ
    ನಿನ್ನ ಹೆಸರ ನಾನೊಬ್ಬನ ಹೊದ್ದೇನಿ

ಕತ್ತರಿಸಿದ್ದನ್ನು ಸಂಜೆ ಸುಡಬೇಕೆಂದು ಹುಕುಂ.
ಎಲ್ಲರದೂ ಸುಟ್ಟೆ. ಇವನದನ್ನು
ನಶ್ಯದ ಡಬ್ಬಿಗೆ ಹಾಕಿಕೊಂಡೆ. ಯಾಕೆಂದು ಕೇಳಬೇಡಿ,
ಡಬ್ಬಿ ಖಾಲಿಯಿತ್ತು.

ತಿಂಗಳಾಗುವಷ್ಟರಲ್ಲಿ ಕುರುಗೋಡಿನಿಂದ ಉತ್ತರ.
ಕೈ ಶಾಲೆ ಮಾಸ್ತರದು,
ಬಾಯಿ ಬೀಸುವ ಕಲ್ಲಿನ ಮುಂದೆ ಕೂತವಳದು:

    ಇಲಿಯಪ್ಪಾ ನಿನಗ ಹೊಲದಾಗ ಜ್ವಾಳಿಲ್ಲೇನ
    ಒಲಿದಾತ ಬರೆದ ನುಡಿ ತಿಂದ್ಯಲ್ಲೊ, ತಿಂದರ
    ಬೆಲಿ ಕೊಡೊ ನನಗ ರುಚಿ ಹೇಳಿ

ಸಾಹೇಬರು ಬೆನ್ನ ಹಿಂದೆ ನಿಂತಿದ್ದರು. ಏನಾದರೂ ಇದೆಯೇ?
ಊರಿಲ್ಲ, ನದಿಯಿಲ್ಲ, ಅಂಕಿಯಿಲ್ಲ.
ಇಲಿಯ ವಿಷಯ ಸಾರ್, ಅಂದೆ.
ಇಲಿಗೆ ಅಡ್ಡಿಯಿಲ್ಲ ಎಂದು ಠಸ್ಸೆ ಒತ್ತಿದರು.

ಆಮೇಲೆ ನಾಲ್ಕು ಕಾಗದ. ಪ್ರಾಸ ಸುಧಾರಿಸಿತ್ತು.
ಐದನೆಯದರ ಬದಲು ಬಂದದ್ದು ಅಚ್ಚುಹಾಕಿದ ಹಾಳೆ,
ಹೆಸರು ತುಂಬಲು ಮಾತ್ರ ಜಾಗ ಬಿಟ್ಟದ್ದು.
ಅದರಲ್ಲಿ ಕತ್ತರಿಸುವಂಥದ್ದು ಏನೂ ಇರಲಿಲ್ಲ.

ಯುದ್ಧ ಮುಗಿದ ವರ್ಷ
ಇದ್ದಿಲ ಗ್ಯಾಸಿನ ಬಸ್ಸು ಹತ್ತಿ ಕುರುಗೋಡಿಗೆ ಹೋದೆ.
ಏರಿನಲ್ಲಿ ಎಲ್ಲರೂ ಇಳಿದು ತಳ್ಳಿದೆವು.
ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿದ್ದೆ,
ಗುಡ್ಡದ ಬುಡದ ಆ ಓಣಿಯಲ್ಲಿ ಒಂದೂ ಉಳಿಯಲಿಲ್ಲ.
ದಂಡಿನ ಆಫೀಸಿನವನು ಅಂದೆ. ಡಬ್ಬಿ ಮುಂದಿಟ್ಟೆ.

ಮೊರ ತಂದಳು. ಸುರಿದಳು.
ನಶ್ಯದ ಘಾಟಿಗೆ ಎರಡು ಸಲ ಸೀನಿದಳು.
ಓದು, ಅಂದಳು.

ಮಳಿ. ಹದಿನೇಳು.
ನದಿಯೊಂದರ ಹೆಸರು,
ಅವನು ತಪ್ಪಾಗಿ ಬರೆದದ್ದನ್ನು ತಪ್ಪಾಗಿಯೇ ಓದಿದೆ.
ಮತ್ತೆ ಮಳಿ. ಹನ್ನೊಂದು. ಹಡಗ.
ಮಳಿ. ನಾಲ್ಕು.
ಗಾಳಿಗೆ ಏಳದಂತೆ ಅವಳ ಅಂಗೈ ಮೊರದ ಅಂಚಿಗೆ ಅಡ್ಡ.

"ನನ್ನ ಹೆಸರು ಇದ್ರಾಗಿಲ್ಲ?"

"ಇಲ್ಲವ್ವಾ. ಅದು ಪಟ್ಟಿಯಲ್ಲಿರಲಿಲ್ಲ."

ಬಹಳ ಹೊತ್ತು ಸುಮ್ಮನಿದ್ದಳು.
ಚೂರುಗಳನ್ನು ಬೆರಳ ತುದಿಯಿಂದ
ಕಲ್ಲು ಆರಿಸುವ ಹಾಗೆ ಒಂದೊಂದೇ ಸರಿಸುತ್ತ
ತಲೆ ಎತ್ತದೆ ಕೇಳಿದಳು:

"ರುಚಿ ಹೆಂಗಿತ್ತು?"