ಕಣಿಕೆಯ ಸೇತುವೆ

ದಸರೆ ಕಳೆದರೂ ಆ ವರ್ಷ ಗಣಿತದ ಪುಸ್ತಕ ಬಂದಿರಲಿಲ್ಲ.
ನಾಗಣಸೂರಿನ ಕನ್ನಡ ಶಾಲೆ, ಆರನೆಯ ಇಯತ್ತೆ,
ಹತ್ತೊಂಬತ್ತು ಮಕ್ಕಳು, ನಾನು, ಒಂದು ಸೀಳುಬಿಟ್ಟ ಹಲಗೆ.
ಬಣವೆಯಿಂದ ಕಣಿಕೆ ಹಿರಿದು ತನ್ನಿ ಎಂದೆ.
ಮೊಳೆ ಬೇಡ, ಬೇಲಿಯಲ್ಲಿ ಜಾಲಿ ಇದೆ,
ಮುಳ್ಳು ಸಾಕು.

ನಾಲ್ಕು ದಂಟು, ನಾಲ್ಕು ಮುಳ್ಳು: ಚೌಕ.
ಬೆರಳು ತಾಗಿದ್ದೇ ತಡ
ಹೋಳಿಗೆ ಉಂಡವನ ಹಾಗೆ ಒಂದು ಮಗ್ಗುಲಿಗೆ ಒರಗಿತು.
ನಕ್ಕರು. ನಾನೂ ನಕ್ಕೆ.
ಏನೂ ಹೇಳಿಕೊಡಬಾರದೆಂದು ರಾತ್ರಿಯೇ ನಿಶ್ಚಯಿಸಿದ್ದೆ,
ತುಟಿ ಕಚ್ಚಿಕೊಂಡು ಕೂತೆ.

ಧಾನಮ್ಮ ಮೂಲೆಯಿಂದ ಮೂಲೆಗೆ ಇನ್ನೊಂದು ದಂಟು ಚುಚ್ಚಿದಳು.
ದೊಡ್ಡಿಯ ಬಾಗಿಲಿಗೆ ಅವಳಪ್ಪ ಹೀಗೇ ಓರೆಪಟ್ಟಿ ಬಡಿದಿದ್ದಾನಂತೆ.
ಒತ್ತಿದಳು. ಅಲುಗಲಿಲ್ಲ.
ಮಂಡಿಯೂರಿ ಒತ್ತಿದಳು. ಅಲುಗಲಿಲ್ಲ.
‘ಯಾಕ್ರಿ ಸರ?’ ಎಂದಳು, ಸಿಟ್ಟಿನಿಂದ,
ಇಷ್ಟು ದಿನ ಚೌಕ ತನಗೆ ಮೋಸ ಮಾಡಿತ್ತೆಂಬಂತೆ.
ಮೂರು ಬಾಹುಗಳ ಉದ್ದ ಒಮ್ಮೆ ಗೊತ್ತಾದರೆ
ತ್ರಿಕೋನಕ್ಕೆ ಮನಸ್ಸು ಬದಲಿಸಲು ಜಾಗವಿಲ್ಲ.
ಹದಿನೆಂಟು ವರ್ಷ ಕಲಿಸಿದ್ದೇನೆ ಇದನ್ನು;
ನೋಡಿದ್ದು ಅವತ್ತು.

ಆಮೇಲೆ ಕ್ರೇನು. ಕಣಿಕೆಯ ತೋಳು, ಕಂಡಿಕೆಯ ಗಾಲಿ.
ಸೋಲಾಪುರದ ಮಿಲ್ಲು ಮುಚ್ಚಿದ ದಿನ
ಅಂಬಾಜಿಯ ಅಜ್ಜ ಜೇಬಿನಲ್ಲಿಟ್ಟು ತಂದದ್ದು ಅದೊಂದನ್ನೇ.
ಶಾಲೆಯ ಬೀಗ ಎತ್ತಹೋಗಿ
ಮುಗ್ಗರಿಸಿ ಬಿತ್ತು ಕ್ರೇನು, ಮೂರು ಸಲ.
ಕಡೆಯ ಸಾಲಿನಿಂದ ಜೈತುನ್, ಎಂದೂ ಬಾಯಿ ಬಿಡದವಳು:
‘ನಮ್ಮವ್ವ ಟೊಂಕದ ಮ್ಯಾಲ ಕೊಡ ಇಟ್ಟಾಗ
ಆ ಕಡಿ ಕೈ ಅಗಲ ಚಾಚ್ತಾಳಲ್ರಿ,
ಹಾಂಗ ಇದಕ್ಕೂ ಹಿಂದ ಒಂದ್ ಕೈ ಬೇಕು.’

ಹಿಂದಿನ ಕೈಗೆ ಚಹಾಪುಡಿಯ ಡಬ್ಬಿ ಕಟ್ಟಿದೆವು.
ಬೀಗ ಇನ್ನೂರು ಗ್ರಾಂ, ಮುಂದಿನ ತೋಳು ಮೂವತ್ತು ಸೆಂಟಿಮೀಟರ್,
ಹಿಂದಿನದು ಹದಿನೈದೇ. ಹಾಗಾದರೆ ಡಬ್ಬಿಗೆ ಮಣ್ಣೆಷ್ಟು?
‘ನಾನೂರು!’ ಎಂದು ಚೀರಿದ್ದು ಮಲಕಣ್ಣ,
ಮಗ್ಗಿ ಎಂದರೆ ಅಳುವ ಮಲಕಣ್ಣ.

ಕೇಂದ್ರಪ್ರಮುಖರು ಬಂದರು.
ಎರಡು ಬೆಂಚಿನ ನಡುವೆ ಸೇತುವೆ,
ಅದರ ಹೊಟ್ಟೆಗೆ ನೇತುಬಿಟ್ಟ ಚೀಲದೊಳಗೆ
ಕಿರಾಣಿ ಅಂಗಡಿಯಿಂದ ಕಡ ತಂದ ತೂಕದ ಕಲ್ಲು, ಒಂದೊಂದೇ.
ಅವರು ಮರಾಠಿಯಲ್ಲಿ ಶುರು ಮಾಡಿದರು:
ಇದು ಎರಡು ಭಾಷೆಗಳ ನಡುವಿನ ಸೇತುವೆ, ಎರಡು ನಾಡುಗಳ...
ಮಕ್ಕಳಿಗೆ ಅದು
ಐದು ಕಿಲೋ ಇನ್ನೂರು ಗ್ರಾಮಿನ ಸೇತುವೆ, ಅಷ್ಟೇ.
ಐದು ನಾನೂರಕ್ಕೆ ಟಪ್ಪೆಂದಿತು, ಭಾಷಣದ ನಡುವೆ.
ಯಾರೂ ಅಳಲಿಲ್ಲ. ಹತ್ತೊಂಬತ್ತು ತಲೆ ಒಟ್ಟಿಗೆ ಬಗ್ಗಿದವು:
ಎಲ್ಲಿ? ಎಲ್ಲಿ ಮುರೀತು?
ದಂಟು ಮುರಿದಿರಲಿಲ್ಲ.
ಕೂಡಿಸಿದ ಮುಳ್ಳು ಜಾರಿತ್ತು.

ಮತ್ತೆ ಕಟ್ಟಿದರು, ಸಂದಿಗೆ ಎರಡೆರಡು ಮುಳ್ಳು.
ಶನಿವಾರ, ಬೆಳಗಿನ ಶಾಲೆ. ಬೀಗ ತೆಗೆದರೆ
ಮುರುಕು ಕಿಟಕಿಯಿಂದ ಇಳಿದು ಬಂದಿದೆ
ಜೈತುನ್ ಮನೆಯ ಆಡು.
ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಮುಟ್ಟದ ಲೆಕ್ಕವೂ ಇಲ್ಲ.
ಎಡದಿಂದ ಎರಡನೆಯ ನಿಂತ ದಂಟು ಪೂರ್ತಿ ನಾಪತ್ತೆ.
ಸೇತುವೆ ಇದ್ದಲ್ಲೇ ಇದೆ,
ಐದು ಕಿಲೋದ ಚೀಲ ಹೊಟ್ಟೆಯ ಕೆಳಗೆ ತೂಗುತ್ತ.

ಧಾನಮ್ಮ ಆಡನ್ನು ಓಡಿಸಲಿಲ್ಲ.
ಕುಕ್ಕರಗಾಲಲ್ಲಿ ಕೂತು
ಖಾಲಿ ಜಾಗದೊಳಗೆ ಬೆರಳಾಡಿಸಿದಳು.
‘ಸರ, ಈ ದಂಟಿಗೆ ಕೆಲಸಾನೇ ಇರ್ಲಿಲ್ಲೇನ್ರಿ?’

ನನಗೆ ಗೊತ್ತಿರಲಿಲ್ಲ.
ಹಲಗೆಯ ಮೇಲೆ ಸೇತುವೆ ಬರೆದೆ,
ಆ ಗೆರೆಯ ಪಕ್ಕ ಒಂದು ಸೊನ್ನೆ,
ಸೊನ್ನೆಯ ಪಕ್ಕ ಪ್ರಶ್ನೆಯ ಚಿಹ್ನೆ.
ಬೆನ್ನ ಹಿಂದೆ ಆಡು
ಇನ್ನೂ ಅಗಿಯುತ್ತಿತ್ತು.