ಗಾಳಿಮಾತು

ಹಾಲ್ಶ್ಕಾ, ನಿನ್ನ ಪೆಟ್ಟಿಗೆಯನ್ನು
ಎರಡನೇ ತೊಟ್ಟಿಯ ಕಂಬಿಗೆ ಕಟ್ಟು ಅಂದವನು ನಾನೇ,
ಮೂರನೆಯದರ ಕಂಬಿ ತುಕ್ಕು ತಿಂದಿದೆ.
ಫೆಬ್ರುವರಿಯ ಗ್ದಿನಿಯಾದಲ್ಲಿ ಎಲ್ಲ ಕಡೆ ಹಿಮ,
ಇಲ್ಲಿ ಮಾತ್ರ ನಿಲ್ಲುವುದಿಲ್ಲ.
ಊರಿನ ಹೊಟ್ಟೆಯ ಬಿಸಿ ಇದು,
ಆರಲು ಹೊತ್ತು ಬೇಕು.

ಕೆಳಗಿಂದ ಗಾಳಿ ಊದುತ್ತೇವೆ, ಹಗಲೂ ರಾತ್ರಿ.
ಕೊಳೆ ತಿನ್ನುವ ಜೀವಗಳಿಗೂ ಉಸಿರು ಬೇಕಲ್ಲ.
ಕಂದು ನೀರು ಕುದಿಯದೆಯೇ ಕುದಿಯುತ್ತದೆ,
ಗುಳ್ಳೆ ಏಳುತ್ತದೆ, ಪಟ್ ಎನ್ನುತ್ತದೆ.
ಒಡೆದದ್ದು ಎಲ್ಲಿಗೆ ಹೋಯಿತು ಎಂದು
ಇಪ್ಪತ್ತಾರು ವರ್ಷ ಯಾರೂ ಕೇಳಿರಲಿಲ್ಲ.

ಹನಿ ಸಿಡಿದು, ಅದರ ನೀರು ಆರಿ,
ಉಳಿದದ್ದು ಧೂಳಿಗಿಂತ ಹಗುರ, ಎಂದೆ ನೀನು.
ಅದರ ಬೆನ್ನೇರಿ ಊರಿನ ಗುಟ್ಟು ಹೊರಡುತ್ತದೆ:
ಬಂದರಿನ ಹಿಂದಿನ ಶಿಶುವಿಹಾರದಲ್ಲಿ ವಾಂತಿಭೇದಿ,
ಹಡಗುಕಟ್ಟೆಯ ವಸತಿಯಲ್ಲಿ ಯಾರಿಗೋ ಕಣ್ಣು ಕೆಂಪು,
ಇನ್ನೂ ಕೆಮ್ಮೇ ಬಾರದವನೊಬ್ಬನ ನಾಳಿನ ಜ್ವರ.
ಬಾಯಿಬಿಟ್ಟು ಯಾರೂ ಹೇಳದ್ದನ್ನು
ನಮ್ಮ ಮೂಗಿಗೆ ಹೇಳಿ ಹೋಗುತ್ತಾರೆ.

ಮೊದಲ ವರ್ಷ ಎಲ್ಲರಿಗೂ ಬರುತ್ತದೆ.
ಸೋಮವಾರ ಮೈ ಬಿಸಿ, ಮಂಗಳವಾರ ಗಂಟಲು,
ಬುಧವಾರ ಪಾಯಖಾನೆಯಲ್ಲೇ ವಾಸ.
ಚೊಚ್ಚಲ ಜ್ವರ ಅನ್ನುತ್ತೇವೆ ನಾವು.
ನನಗೆ ಬಂದಾಗ ಮುದುಕ ವಿಟೋಲ್ಡ್ ನಕ್ಕಿದ್ದ,
ಯರೆಮಿಗೆ ಬಂದಾಗ ನಾನು ನಕ್ಕೆ.
ಮೂರು ದಿನ ಹುಡುಗನ ಸುಳಿವಿಲ್ಲ.
ನಾಲ್ಕನೆಯ ದಿನ ಅವನ ತಾಯಿ ಬಂದಳು,
ಗೇಟಿನಾಚೆಯೇ ನಿಂತು, ಒಳಗೆ ಕಾಲಿಡದೆ,
ಅವನ ಸಂಬಳದ ಚೀಟಿ ಕೇಳಿದಳು.
ಅವತ್ತು ನಗು ಬರಲಿಲ್ಲ.

ಮೇಲಧಿಕಾರಿ ಹೇಳಿದ್ದ: ಹೊರಗಿನವರ ಮುಂದೆ ಉಸಿರೆತ್ತಬೇಡಿ.
ಸರಿ, ಎತ್ತುವುದಿಲ್ಲ. ಆದರೆ
ಎಳೆಯದೆ ಇರುವುದು ಹೇಗೆ, ಅದನ್ನೂ ಹೇಳಲಿ.

ನಿನ್ನ ಪೆಟ್ಟಿಗೆ ನಿಮಿಷಕ್ಕೆ ಹನ್ನೆರಡು ಲೀಟರ್ ಗಾಳಿ ಕುಡಿಯುತ್ತದೆ.
ನಾನೆಷ್ಟು, ಎಂದು ಕೇಳಿದ್ದಕ್ಕೆ
ಸುಮ್ಮನೆ ನಿಂತರೆ ಇದಕ್ಕಿಂತ ಕಡಿಮೆ,
ಸಲಿಕೆ ಹಿಡಿದರೆ ಮೂರು ಪಟ್ಟು, ಎಂದೆ.
ಎರಡು ಗಂಟೆಗೆ ಅದಕ್ಕೆ ಸುಸ್ತು, ಬ್ಯಾಟರಿ ಖಾಲಿ.
ನನ್ನ ಪಾಳಿ ಎಂಟು ಗಂಟೆ.

ವರದಿ ಬಂತು. ಕ್ಯಾಂಟೀನಿನ ಬಾಗಿಲಿಗೆ,
ಶುಕ್ರವಾರದ ಮೀನಿನ ಪಟ್ಟಿಯ ಪಕ್ಕ ಸಿಕ್ಕಿಸಿದರು.
ನೊರೊ ಇದೆ. ಅಡಿನೊ ಇದೆ.
ಹೆಸರಿಲ್ಲದ ಒಂದಕ್ಕೆ ಬರೀ ಸಂಖ್ಯೆಯಿದೆ.
ಬದುಕಿದ್ದವೋ ಸತ್ತಿದ್ದವೋ
ಈ ವಿಧಾನದಿಂದ ತಿಳಿಯದು, ಎಂದು ಕೆಳಗೆ ಸಣ್ಣಕ್ಷರ.
ಯರೆಮಿ ಎರಡು ಸಲ ಓದಿದ.
ಈಗವನು ಮುಖಗವಸು ಬಿಗಿದುಕೊಂಡೇ ಚಹಾ ಕುದಿಸುತ್ತಾನೆ.

ಬೊಗ್ನಾ ನನ್ನ ಬಟ್ಟೆಗೆಂದು ಬೇರೆ ಬಕೆಟ್ಟು ಇಟ್ಟದ್ದು
ಯಾವ ವರದಿ ಓದಿಯೂ ಅಲ್ಲ.
ಮೊಮ್ಮಗಳು ಓಡಿಬಂದರೆ
ಸಿಕ್ಕಿಬಿದ್ದ ಕಳ್ಳನಂತೆ ಎರಡೂ ಕೈ ಮೇಲೆತ್ತಿ ನಿಲ್ಲುತ್ತೇನೆ,
ಸ್ನಾನವಾಗಿಲ್ಲ ಪುಟ್ಟಾ, ಮುಟ್ಟಬೇಡ.
ಅವಳಿಗದು ಆಟ. ಅವಳೂ ಕೈ ಎತ್ತುತ್ತಾಳೆ.

ಪೆಟ್ಟಿಗೆ ಬಿಚ್ಚಿಕೊಂಡು ನೀನು ಹೋದೆ.
ಕಂಬಿಯಲ್ಲಿ ಪಟ್ಟಿ ಸುತ್ತಿದ್ದಷ್ಟು ಜಾಗ
ಇನ್ನೂ ಹೊಸ ಬಣ್ಣದ ಹಾಗೆ ಹೊಳೆಯುತ್ತಿದೆ.
ತೊಟ್ಟಿಗಳಿಗೆ ಮುಚ್ಚಳ ಹಾಕಿಸುತ್ತಾರಂತೆ,
ಬರುವ ವರ್ಷದ ಬಜೆಟ್ಟಿನಲ್ಲಂತೆ.
ಇಲ್ಲಿ ಗಾಳಿಮಾತಿಗೆ ಬರವಿಲ್ಲ.

ಅಲ್ಲಿಯವರೆಗೆ ಹುಡುಗನಿಗೆ ನಾನು ಕಲಿಸುವುದಿಷ್ಟು:
ಅಗೋ, ಗೋಡೆಯ ಮೇಲೆ ಕಡಲಕ್ಕಿಗಳ ಸಾಲು.
ಎಲ್ಲದರ ಕೊಕ್ಕೂ ಒಂದೇ ಕಡೆ ನೋಡು.
ಗಾಳಿಗೆ ಬೆನ್ನು ಕೊಟ್ಟರೆ ಅವಕ್ಕೆ ಗರಿ ಕೆದರುತ್ತದೆ.
ಕೊಕ್ಕು ತೋರಿದ ದಂಡೆಗೆ ಹೋಗು,
ಅಲ್ಲಿ ನಿಂತು ಬಾಗು,
ಅಲ್ಲಿ ನಿಂತು ಉಸಿರೆಳೆ.
ಅವು ತಿರುಗಿದವೋ,
ಕೆಲಸ ಅರ್ಧವಾಗಿದ್ದರೂ ಸರಿ,
ನೀನೂ ತಿರುಗು.